ಹಣೆಯ ಮೇಲಿನ ಎರಡು ಸುಳಿ

ವಿಜಾಪುರದ ಜೋರಾಪುರ ಪೇಟೆಯಲ್ಲಿ ಕುದುರೆ ಸವಾರಿ ಕಲಿಸುತ್ತಿದ್ದ ಉಸ್ತಾದರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವರಷ್ಟು ಕುದುರೆ ಬಲ್ಲವರನ್ನು ನಾನು ಕಂಡಿಲ್ಲ, ಸಿಟ್ಟು ಅದಕ್ಕೇ. ಲಗಾಮು ಹಿಡಿದ ನಮ್ಮ ಮುಷ್ಟಿಯನ್ನು ಎರಡು ಬೆರಳಿನಿಂದ ಸಡಿಲಿಸುತ್ತ, "ಕೈ ಹಗುರ ಬೇಟಾ, ಕೈ ಹಗುರ" ಎನ್ನುತ್ತಿದ್ದರು.

ಯುದ್ಧದಿಂದ ಪೆಟ್ರೋಲು ಸಿಗದೆ ಮೋಟಾರುಗಳು ನಿಂತಿದ್ದ ಕಾಲ. ಬಬಲೇಶ್ವರದ ಕಡೆಯ ಗೌಡರೊಬ್ಬರು ಬಿಳಿ ಹೆಣ್ಣು ಕುದುರೆಯೊಂದನ್ನು ಹಿಡಿಸಿಕೊಂಡು ಬಂದರು. ಅದು ಅವರ ಮಗನನ್ನು ಕೆಡವಿತ್ತು.

"ಹಣಿ ಮ್ಯಾಲ ಕೂದಲಿಂದು ಎರಡು ಸುಳಿ ಅದಾವ. ಮನಿ ಹಾಳ ಮಾಡೋ ಕುದುರಿ. ಗುಂಡ ಹಾಕಸ್ಲೇನು?"

ಉಸ್ತಾದರು ಕುದುರೆಯ ತುಟಿ ಎತ್ತಿದರು. ಲಗಾಮು ಜಗ್ಗಿ ಜಗ್ಗಿ ಬಾಯಿಯ ಎರಡೂ ಅಂಚು ಹರಿದಿದ್ದವು. ನಾನೂ ನೋಡಿದೆ. ತಪ್ಪು ಸುಳಿಯದಲ್ಲ, ಜಗ್ಗುವ ಕೈಯದು ಎಂದು ಈಗ ಹೇಳುತ್ತಾರೆ ಎಂದು ಕಾದೆ.

"ಖರೇ ಗೌಡ್ರ, ಸುಳಿ ಕೆಟ್ಟದೈತಿ. ಕೊಂದ್ರ ದೋಷ ಮನಿಗೇ ಹತ್ತತೈತಿ. ನನ್ನ ಕಡೆ ಬಿಟ್ಟು ಹೋಗ್ರಿ."

ಗೌಡರು ಹೋದದ್ದೇ ತಡ, ನಾನು ಹರಿಹಾಯ್ದೆ. "ಹರದ ಬಾಯಿ ನೋಡಿನೂ ಸುಳ್ಳ ಯಾಕ ಹೇಳಿದ್ರಿ?"

"ಕುದುರಿ ಉಳೀತಿಲ್ಲೋ, ವಕೀಲಾ?"

"ಗೌಡ್ರ ಮಗನ ಜಗ್ಗೋ ಕೈನೂ ಹಂಗ ಉಳೀತಲ್ರೀ!"

ಅವರು ಕುದುರೆಯ ಬಾಯಿಯ ಗಾಯಕ್ಕೆ ತುಪ್ಪ ಸವರಿದರು.

ತಿಂಗಳಾಗುವಷ್ಟರಲ್ಲಿ ಗೌಡರ ಮಗ ಹೊಸ ಕರಿ ಕುದುರೆ ಏರಿ ಬಂದ. ಅದರ ಬಾಯಿಯ ನೊರೆ ಕೆಂಪಗಿತ್ತು.

"ಸುಳಿ ನೋಡೇ ತಂದೇವ್ರಿ ಉಸ್ತಾದ್. ಒಂದೂ ಕೆಟ್ಟದ್ದಿಲ್ಲ. ಆದ್ರೂ ಯಾಕ ಕುಣೀತೈತಿ?" ಎನ್ನುತ್ತ ಲಗಾಮು ಜಗ್ಗಿದ.

ಈಗ ನಿಜ ಹೇಳಿದರೆ ಬಿಳಿ ಕುದುರೆಯನ್ನು ಅವನ ಕೈಗೇ ಮರಳಿ ಕೊಡಬೇಕಾಗುತ್ತಿತ್ತು. ಉಸ್ತಾದರು ಕರಿ ಕುದುರೆಯ ಹಣೆಯ ಕೂದಲು ಸರಿಸಿ ಸುಳಿ ಹುಡುಕತೊಡಗಿದರು.