ಮುಚ್ಚಳವಿಲ್ಲದ ಕ್ಯಾಮೆರಾ

ಅವರ ಎಡಗೈ ಯಾವಾಗಲೂ ಎದೆಯ ಮುಂದೆ ಅರ್ಧ ಮಡಚಿಕೊಂಡೇ ಇರುತ್ತಿತ್ತು, ಇಷ್ಟಲಿಂಗ ಪೂಜೆಗೆ ಕುಳಿತವರ ಕೈಯ ಹಾಗೆ. ಆದರೆ ಅಂಗೈ ಎದೆಯ ಕಡೆಗೆ ತಿರುಗಿರುತ್ತಿತ್ತು, ಅದರೊಳಗೆ ಕೊರಳಿಗೆ ನೇತುಹಾಕಿದ ಕ್ಯಾಮೆರಾದ ಕಣ್ಣು. ಬಸ್ಸಿನಲ್ಲಿ ನಿಂತಿರಲಿ, ಚಹಾ ಕುಡಿಯುತ್ತಿರಲಿ, ಆ ಕೈ ಅಲ್ಲಿಂದ ಕದಲುತ್ತಿರಲಿಲ್ಲ. ಕ್ಯಾಮೆರಾ ಇಲ್ಲದ ದಿನವೂ ಬೆರಳುಗಳು ಅದೇ ಆಕಾರದಲ್ಲಿರುತ್ತಿದ್ದವು. ಗೊತ್ತಿಲ್ಲದವರು ಲಕ್ವ ಹೊಡೆದಿದೆ ಎಂದುಕೊಳ್ಳುತ್ತಿದ್ದರು.

ನಾವೆಲ್ಲ ಅವರನ್ನು ಸ್ಟುಡಿಯೊ ಕಾಕಾ ಎನ್ನುತ್ತಿದ್ದೆವು. ಮನೆ ಹರಿಹರದಲ್ಲಿ, ಹೊಳೆಗೆ ಹತ್ತಿರ. ಸ್ಟುಡಿಯೊ ದಾವಣಗೆರೆಯ ಹಳೇಪೇಟೆಯಲ್ಲಿ, ನಮ್ಮ ಅಂಗಡಿಯ ಪಕ್ಕದ ಗೋಡೆ. ನಮ್ಮದು ಫೋಟೊಗೆ ಕಟ್ಟು ಹಾಕುವ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ನಾನೇ ನಡೆಸುತ್ತಿದ್ದೇನೆ. ಹೆಣ್ಣುಮಗಳು ಗಾಜು ಕೊಯ್ಯುತ್ತಾಳಾ ಎಂದು ಪೇಟೆಯವರು ಮೂಗು ಮುರಿದಾಗ, ತಾವು ತೆಗೆದ ಫೋಟೊಗಳನ್ನೆಲ್ಲ ನನ್ನ ಬಳಿಯೇ ಕಳಿಸಿ ಅಂಗಡಿ ಉಳಿಸಿದವರು ಕಾಕಾ.

ಈಗ ಫೋಟೊ ಎಂದರೆ ನನಗೆ ಹೇಸಿಗೆ. ಕಟ್ಟು ಹಾಕಿ ಹೊಟ್ಟೆ ಹೊರೆಯುವವಳು ಹೀಗೆ ಅನ್ನಬಾರದು, ಆದರೂ ಅನ್ನುತ್ತೇನೆ. ಹರಿಹರದ ಹೊಳೆದಂಡೆಗೆ ಹೋಗಿ ನೋಡಿ. ಕೊಳೆತ ಹಾರ, ಹರಿದ ಪ್ಲಾಸ್ಟಿಕ್ಕು, ಯಾರೋ ಬಿಟ್ಟುಹೋದ ಹಳೇ ಬಟ್ಟೆ. ಅದರ ನಡುವೆ ಬಣ್ಣದ ಹೊಗೆ ಬಿಟ್ಟುಕೊಂಡು ಮದುವೆಯಾಗಲಿರುವ ಜೋಡಿ ಓಡಿಬರುತ್ತದೆ, ಮೇಲೆ ಡ್ರೋನ್ ಗುಂಯ್‌ಗುಡುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಪ್ಲಾಸ್ಟಿಕ್ಕು ಅಳಿಸಿ ಹಂಸ ಬಿಡುತ್ತಾರೆ. ಆ ಹಂಸಕ್ಕೂ ನಾನು ಕಟ್ಟು ಹಾಕಿದ್ದೇನೆ, ಏನು ಮಾಡುವುದು, ಹೊಟ್ಟೆಪಾಡು.

ಕಾಕಾನ ಕ್ಯಾಮೆರಾ ಹಳೆಯ ರಷ್ಯಾದ್ದು, ರೀಲು ಹಾಕುವಂಥದ್ದು. ಅದರಲ್ಲಿ ಮಸೂರದ ಮೂಲಕ ನೋಡುವುದಿಲ್ಲ, ಪಕ್ಕದಲ್ಲಿ ಒಂದು ಬೇರೆಯೇ ಕಿಂಡಿ ಇದೆ. ಅದರಲ್ಲಿ ಇಣುಕಿದರೆ ಎದುರಿಗಿರುವ ಒಬ್ಬರೇ ಇಬ್ಬರಾಗಿ ಕಾಣುತ್ತಾರೆ, ಒಂದು ಗಟ್ಟಿ ಬಿಂಬ, ಒಂದು ತೆಳು ಬಿಂಬ. ಮಸೂರದ ಬಳೆ ತಿರುಗಿಸುತ್ತಾ ಹೋದರೆ ಎರಡೂ ಒಂದರ ಮೇಲೊಂದು ಕೂಡುತ್ತವೆ. ಕೂಡಿದಾಗ ಒತ್ತಬೇಕು. ವ್ಯಾಪಾರವಿಲ್ಲದ ಮಧ್ಯಾಹ್ನಗಳಲ್ಲಿ ನನಗೂ ಅದನ್ನು ಕೈಗೆ ಕೊಟ್ಟು ಕಲಿಸುತ್ತಿದ್ದರು.

"ನಮ್ಮೂರ ದೇವರ ಗುಡಿ ನೋಡಿಯಲ್ಲವ್ವಾ, ಅರ್ಧ ಹರಿ, ಅರ್ಧ ಹರ, ಮೈ ಒಂದೇ. ಇದ್ರಾಗೂ ಹಂಗೇ ಆಗ್ಬೇಕು. ಹರಿ ಒಂದ್ಕಡೆ ಹರ ಒಂದ್ಕಡೆ ನಿಂತಿದ್ರೆ ಒತ್ತಬ್ಯಾಡ."

ಬೆಳಿಗ್ಗೆ ಸ್ಟುಡಿಯೊ ಬಾಗಿಲು ತೆಗೆದೊಡನೆ ಹಳೆಯ ಮಲ್ಲು ಪಂಚೆಯ ತುಂಡಿನಿಂದ ಅದರ ಮೈ ಒರೆಸುವರು. ಮಳೆಗಾಲದಲ್ಲಿ ಬೂಷ್ಟು ಹಿಡಿಯಬಾರದೆಂದು ಅಕ್ಕಿಯ ಡಬ್ಬಿಯಲ್ಲಿಟ್ಟು ಮಲಗಿಸುವರು. ಕಾಕಿ ಆ ಡಬ್ಬಿಯಿಂದಲೇ ಅಕ್ಕಿ ತೆಗೆದು ಅನ್ನ ಮಾಡುತ್ತಿದ್ದರು. "ಅನ್ನದಾಗೆ ಇವತ್ತು ಕ್ಯಾಮೆರಾ ವಾಸ್ನಿ ಐತೆ" ಎಂದು ಬಡಿಸುವಾಗ ಛೇಡಿಸುತ್ತಿದ್ದರು. ಕಾಕಾ ಉಣ್ಣುತ್ತಾ ನಗುತ್ತಿದ್ದರು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಗೋಡೆಗೆ ಒರಗಿಸಿ, ತಲೆ ವಾಲದಂತೆ ಬಟ್ಟೆ ಕಟ್ಟಿ, ಹಣೆಗೆ ವಿಭೂತಿ ಬಳಿದು, ಹಾರ ಹಾಕಿ ಪಡಸಾಲೆಯಲ್ಲಿ ಕೂಡಿಸಿದ ಮೇಲೆ ಮನೆಯವರೆಲ್ಲ ಎರಡೂ ಪಕ್ಕ ನಿಂತು ಒಂದು ಫೋಟೊ ತೆಗೆಸಿಕೊಳ್ಳುವುದು ರೂಢಿ. ಎಷ್ಟೋ ಜನರಿಗೆ ಜೀವಮಾನದಲ್ಲಿ ಅದೊಂದೇ ನೆಟ್ಟಗಿನ ಫೋಟೊ. ಆ ಕೆಲಸಕ್ಕೆ ದಾವಣಗೆರೆಯಿಂದ ಹರಿಹರದವರೆಗೆ ಕಾಕಾನನ್ನೇ ಕರೆಯುತ್ತಿದ್ದರು. ಫ್ಲ್ಯಾಶ್ ಹಾಕುತ್ತಿರಲಿಲ್ಲ. ಸತ್ತವರ ಮುಖಕ್ಕೆ ಬೆಳಕು ಎರಚುವುದು ಅಸಹ್ಯ ಎನ್ನುತ್ತಿದ್ದರು. ಬಾಗಿಲಿನಿಂದ ಬರುವ ಬೆಳಕೇ ಸಾಕು, ಆದರೆ ಅದಕ್ಕೆ ಕ್ಯಾಮೆರಾ ತುಸು ಹೊತ್ತು ಕಣ್ಣು ತೆರೆದಿರಬೇಕು, ಎಲ್ಲರೂ ಅಲ್ಲಾಡದೆ ನಿಲ್ಲಬೇಕು. "ಒಂದ್ಸಲ ಉಸಿರು ಹಿಡೀರಿ" ಎನ್ನುವರು. ಅಳುತ್ತಿದ್ದವರೂ ಹಿಡಿಯುವರು.

"ಸತ್ತೋರದೇನೂ ತ್ರಾಸಿಲ್ಲವ್ವಾ, ಅವ್ರು ಅಲ್ಲಾಡಲ್ಲ. ಬದುಕಿದ್ದೋರದೇ ತ್ರಾಸು" ಎಂದು ಬಂದು ಹೇಳುತ್ತಿದ್ದರು.

ಕಾಕಿ ತೀರಿಕೊಂಡಾಗಲೂ ಅವರೇ ತೆಗೆದರು. ಬೇರೆಯವರು ಕೈ ಚಾಚಿದರೆ ಕೊಡಲಿಲ್ಲ. ನಾನು ಅಲ್ಲೇ ಇದ್ದೆ. ಸೆರಗು ಸರಿಮಾಡಿದರು, ಹಾರ ಎತ್ತಿ ಕೂಡಿಸಿದರು, ಹಿಂದೆ ಹೋದರು, ಮುಂದೆ ಬಂದರು, ಕೈ ಒಂದಿಷ್ಟೂ ನಡುಗಲಿಲ್ಲ. ಎಂಥ ಗಟ್ಟಿ ಗುಂಡಿಗೆ ಎಂದು ನೆಂಟರು ಮಾತಾಡಿಕೊಂಡರು.

ಕರ್ಮವೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅಂಗಡಿಗೆ ಬಂದು, ತೊಳೆದ ರೀಲನ್ನು ನನ್ನ ಗಾಜಿನ ಮೇಲೆ ಉದ್ದಕ್ಕೆ ಹಾಸಿದರು. ಬೆಳಕಿಗೆ ಹಿಡಿದು ನೋಡಿದೆ. ಈ ತುದಿಯಿಂದ ಆ ತುದಿಯವರೆಗೆ ನೀರಿನಂತೆ ತಿಳಿ, ಒಂದು ಕರೀ ಗೆರೆಯಿಲ್ಲ, ಒಂದು ಚಿತ್ರವೂ ಮೂಡಿಲ್ಲ.

"ಮುಚ್ಚಳ ತೆಗೀಲಿಲ್ಲವ್ವಾ ನಾನು" ಎಂದರು. "ಕಿಂಡ್ಯಾಗೆ ಚಂದ ಕಾಣ್ತಿದ್ಲು. ನಾನು ನೋಡ್ದೆ. ಅದು ನೋಡ್ಲಿಲ್ಲ."

ಆ ಕ್ಯಾಮೆರಾ ಹಿಡಿದವರಷ್ಟೇ ಮಾಡಬಲ್ಲ ತಪ್ಪು ಅದು. ಮಸೂರ ಮುಚ್ಚಿದ್ದರೂ ಪಕ್ಕದ ಕಿಂಡಿಯಲ್ಲಿ ಎಲ್ಲವೂ ಕಾಣುತ್ತಲೇ ಇರುತ್ತದೆ. ಊರಿನ ಹೆಣಗಳನ್ನೆಲ್ಲ ತೆಗೆದವರು ಹೆಂಡತಿಯನ್ನು ಬದುಕಿದ್ದಾಗ ಒಂಟಿಯಾಗಿ ನಿಲ್ಲಿಸಿ ಒಂದು ಫೋಟೊ ತೆಗೆದಿರಲಿಲ್ಲ, ಮನೆಯಲ್ಲೇ ಇದ್ದಾಳಲ್ಲ ಎಂದು. ಕೊನೆಗೆ ವೋಟರ್ ಕಾರ್ಡಿನ ಫೋಟೊ ದೊಡ್ಡದು ಮಾಡಿಸಿ ತಂದರು. ಇದ್ದಿಲಿನಂಥ ಮುಖ, ತಿರುಚಿದ ಬಾಯಿ. ಅದಕ್ಕೂ ನಾನೇ ಕಟ್ಟು ಹಾಕಿದೆ.

ರೀಲು ತೋರಿಸಿದ ದಿನವೇ ಸಂಜೆ ಹರಿಹರದ ಸೇತುವೆಗೆ ಹೋಗಿ, ಮೇಲಿಂದ ಮುಚ್ಚಳವನ್ನು ತುಂಗಭದ್ರೆಗೆ ಎಸೆದರಂತೆ. ಕ್ಯಾಮೆರಾ ಮಾರಿಬಿಡಿ ಎಂದವರಿಗೆ, "ತಪ್ಪು ನಂದು, ಅದರದ್ದೇನೈತೆ" ಎಂದರು. ಅಂದಿನಿಂದ ಅಂಗೈಯೇ ಮುಚ್ಚಳ. ನನಗೂ ಹೊಸ ಪಾಠ ಶುರುವಾಯಿತು. ಒತ್ತುವ ಮೊದಲು ಮಸೂರದ ಅಂಚಿಗೆ ಬೆರಳು ಆಡಿಸಬೇಕು. "ಕಣ್ಣು ನಂಬಬ್ಯಾಡ, ಬೆರಳು ನಂಬು. ನಾ ಹೋದಾಗ ನಂದೊಂದು ನೀನೇ ತೆಗೀಬೇಕು ನೋಡು, ಇದ್ರಾಗೇ. ಮೊಬೈಲ್ನಾಗೆ ಬ್ಯಾಡ. ಅಕೀದಂತೂ ಹಂಗಾತು, ಅಕಿ ಪಕ್ಕದಾಗೆ ನಂದಾದ್ರೂ ನೆಟ್ಟಗಿರ್ಲಿ." ಆಗಲಿ ಎಂದು ಮಾತು ಕೊಟ್ಟೆ.

ಹರಿಹರದ ಮನೆಯಲ್ಲಿ ಕಾಕಾನ ಜೊತೆ ಇದ್ದದ್ದು ಅವರ ತಮ್ಮನ ಸಂಸಾರ. ಆ ತಮ್ಮನ ಮಗನದು ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಮದುವೆ ವಿಡಿಯೊ ಮಾಡುವ ಕಚೇರಿ. ಹಂಸ ಬಿಡುವವನು ಅವನೇ. ಒಮ್ಮೆ ಸ್ಟುಡಿಯೊಗೆ ಬಂದು ಕ್ಯಾಮೆರಾ ಕೇಳಿದ.

"ಒಂದಿನ ಕೊಡ್ರಿ ದೊಡ್ಡಪ್ಪಾ. ಮದುಮಗ ಸುಮ್ನೆ ಕಣ್ಣಿಗೆ ಹಿಡ್ಕೊಂಡು ನಿಂತ್ಕೊಂತಾನೆ. ಹಳೇ ಕಾಲದ ಲುಕ್ ಬರ್ತೈತೆ."

"ರೀಲು ಹಾಕ್ತೀಯೇನು?"

"ರೀಲು ಯಾಕ ಬೇಕು? ತೋರ್ಸಾಕೆ ಅಷ್ಟೇ."

"ಹಂಗಾರೆ ಹಿತ್ಲಾಗೆ ಇಟ್ಟಂಗಿ ಐತೆ, ತಗಂಡ್ಹೋಗಿ ಹಿಡ್ಸು" ಎಂದರು ಕಾಕಾ.

ಕಳೆದ ಶ್ರಾವಣದಲ್ಲಿ ಅವರು ಹೋದರು. ಸುದ್ದಿ ಬಂದ ಕೂಡಲೆ ಅಂಗಡಿ ಮುಚ್ಚಿ ಹರಿಹರದ ಬಸ್ಸು ಹತ್ತಿದೆ. ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಕಾನನ್ನು ಕೂಡಿಸಿದ್ದರು. ಹಣೆಯ ತುಂಬ ವಿಭೂತಿ, ತೊಡೆಯ ಮೇಲೆ ಕ್ಯಾಮೆರಾ, ಅದಕ್ಕೂ ಒಂದು ಹಾರ. ಸುತ್ತ ಫೋನುಗಳು. ಒಬ್ಬಾಕೆ ಹೆಣದ ಭುಜಕ್ಕೆ ತಲೆ ತಾಗಿಸಿ ತನ್ನದೇ ಫೋಟೊ ತೆಗೆದುಕೊಂಡು, ಚೆನ್ನಾಗಿ ಬರಲಿಲ್ಲವೆಂದು ಇನ್ನೊಂದು ತೆಗೆದಳು. ಒಬ್ಬ ದುಬೈನಲ್ಲಿರುವ ಯಾರಿಗೋ ನೇರವಾಗಿ ತೋರಿಸುತ್ತಿದ್ದ. ತಮ್ಮನ ಮಗ ಮೊಣಕಾಲೂರಿ, ಹಾರದಿಂದ ಕ್ಯಾಮೆರಾಕ್ಕೆ, ಕ್ಯಾಮೆರಾದಿಂದ ಮುಖಕ್ಕೆ ಫೋನು ಆಡಿಸುತ್ತಿದ್ದ, ಹಿಂದೆ ಕೊಳಲಿನ ಸಂಗೀತ ಬೇರೆ. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎಂದರೆ ಇದೇ.

ನುಗ್ಗಿಹೋಗಿ ತೊಡೆಯ ಮೇಲಿನ ಕ್ಯಾಮೆರಾಕ್ಕೆ ಕೈ ಹಾಕಿದೆ.

"ಅಕ್ಕಾ, ಎರಡು ನಿಮಿಷ ತಡೀರಿ, ಶಾಟ್ ನಡೀತೈತೆ" ಎಂದ.

"ನಿನ್ನ ಶಾಟ್ ತಗಂಡ್ಹೋಗಿ ಹೊಳಿಗೆ ಹಾಕು. ಅವ್ರು ನಂಗೆ ಹೇಳಿ ಹೋಗ್ಯಾರೆ. ಒಂದು ತೆಗೀತೀನಿ, ಆಮೇಲೆ ಏನರ ಮಾಡ್ಕೋ."

ಕಂಬಕ್ಕೆ ಬೆನ್ನು ಕೊಟ್ಟು ನಿಂತೆ. ರೀಲು ಅವರೇ ಹಾಕಿಟ್ಟಿದ್ದರು. ಕಿಂಡಿಯಲ್ಲಿ ಇಬ್ಬರು ಕಾಕಾ ಕಂಡರು. ಬಳೆ ತಿರುಗಿಸಿದೆ. ವಿಭೂತಿಯ ಮೂರು ಎಳೆ ಆರಾಗಿದ್ದದ್ದು ಮೆಲ್ಲಗೆ ಕೂಡಿ ಮೂರೇ ಆಯಿತು. ಒತ್ತಬೇಕು ಎನ್ನುವಷ್ಟರಲ್ಲಿ ಎಡಗೈ ತಾನಾಗಿಯೇ ಮಸೂರದ ಅಂಚಿಗೆ ಹೋಯಿತು. ತಣ್ಣನೆಯ ಲೋಹ ಸಿಗಬೇಕಾದಲ್ಲಿ ನುಣ್ಣನೆಯ ಪ್ಲಾಸ್ಟಿಕ್ಕು ಸಿಕ್ಕಿತು.

ಮುಚ್ಚಳ. ಹೊಚ್ಚ ಹೊಸದು, ಕಪ್ಪನೆಯದು.

"ನಾನೇ ಆನ್‌ಲೈನ್‌ನಾಗೆ ತರ್ಸಿದ್ದೆ ಅಕ್ಕಾ" ಎಂದ ತಮ್ಮನ ಮಗ. "ದೊಡ್ಡಪ್ಪ ಹಾಸಿಗಿ ಹಿಡಿದಾಗ. ಧೂಳು ಕೂರ್ಬಾರ್ದಲ್ಲ ಅಂತ."

ಅವನ ಮುಖದಲ್ಲಿ ಕಪಟವಿರಲಿಲ್ಲ. ಅದೇ ನನಗೆ ಇನ್ನಷ್ಟು ಅಸಹ್ಯವಾಯಿತು. ಇಷ್ಟು ವರ್ಷ ಒಂದೇ ಮನೆಯ ಅನ್ನ ಉಂಡವನಿಗೆ ಆ ಕೈ ಯಾಕೆ ಮಡಚಿಕೊಂಡಿದೆ ಎಂದು ಕೇಳಬೇಕೆಂದೇ ತೋಚಿರಲಿಲ್ಲ. ಮುಚ್ಚಳ ಕಿತ್ತು ಅಂಗಳಕ್ಕೆ ಎಸೆದೆ.

"ಒಂದ್ಸಲ ಉಸಿರು ಹಿಡೀರಿ" ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ನಾನೊಬ್ಬಳೇ ಹಿಡಿದು, ಒತ್ತಿದೆ.

ಕ್ಯಾಮೆರಾ ತಮ್ಮನ ಮಗನ ಪಾಲಾಯಿತು. ಅವನ ಕಚೇರಿಯ ಗಾಜಿನ ಬೀರುವಿನಲ್ಲಿ, ಮತ್ತೆ ಮುಚ್ಚಳ ಹಾಕಿಸಿಕೊಂಡು, ಕೆಳಗೆ ನೀಲಿ ದೀಪ ಹಚ್ಚಿಸಿಕೊಂಡು ಕೂತಿದೆ. ಆ ರೀಲು ಮಾತ್ರ ನಾನು ಬಿಚ್ಚಿಕೊಂಡು ಬಂದಿದ್ದೆ. ಬೆಂಗಳೂರಿಗೆ ಕೊರಿಯರ್ ಮಾಡಿ ತೊಳೆಸಿ, ದೊಡ್ಡದು ಮಾಡಿಸಿ, ತೇಗದ ಕಟ್ಟು ಹಾಕಿ, ಕಾಕಿಯ ಫೋಟೊ ಪಕ್ಕ ಹಾಕಲೆಂದು ಹರಿಹರದ ಮನೆಗೆ ಒಯ್ದೆ. ತಮ್ಮನ ಮನೆಯವರು ನೋಡಿ, "ಇದ್ರಾಗೆ ನಾವ್ಯಾರೂ ಚಂದ ಬಂದಿಲ್ಲಲ್ರಿ" ಎಂದು ವಾಪಸು ಕೊಟ್ಟರು. ಗೋಡೆಯ ಮೇಲೆ ಆಗಲೇ ಬೇರೆ ಕಾಕಾ ಇದ್ದರು, ಗಲ್ಲಕ್ಕೆ ಗುಲಾಬಿ ಬಣ್ಣ, ಹಿಂದೆ ಮೋಡ. ಪಕ್ಕದಲ್ಲಿ ಕಾಕಿಯ ವೋಟರ್ ಕಾರ್ಡಿನ ಮುಖ. ಆ ಫೋಟೊವನ್ನಾದರೂ ಕೊಡಿ ಎಂದೆ, ಹೇಗೂ ಹಳೆಯದಾಯಿತು ಒಯ್ಯಿರಿ ಎಂದು ಧಾರಾಳವಾಗಿ ಕೊಟ್ಟರು.

ಈಗ ಇಬ್ಬರೂ ನನ್ನ ಅಂಗಡಿಯ ಗೋಡೆಯ ಮೇಲೆ ಅಕ್ಕಪಕ್ಕದಲ್ಲಿದ್ದಾರೆ. ಕಾಕಾನ ಫೋಟೊದಲ್ಲಿ ಸುತ್ತಲಿನವರೆಲ್ಲ ಕಲಸಿಹೋಗಿದ್ದಾರೆ. ಬಗ್ಗಿದ ತಲೆ, ಸರಿದಾಡಿದ ಕೈ, ಮುಖವಿದ್ದಲ್ಲಿ ಫೋನಿನ ಬಿಳಿ ಕಲೆ. ನಡುವೆ ಅವರೊಬ್ಬರೇ, ವಿಭೂತಿಯ ಎಳೆ ಎಳೆಯೂ ಎಣಿಸುವಷ್ಟು ನಿಚ್ಚಳ. ಕಟ್ಟು ಹಾಕಿಸಲು ಬಂದವರು ಅದನ್ನು ಕಂಡು, "ಇದೇನ್ರಿ, ಎಲ್ರೂ ಅಲ್ಲಾಡಿಬಿಟ್ಟಾರೆ, ಇವ್ರು ಒಬ್ರೇ ಸರಿ ಬಂದಾರಲ್ಲ, ಯಾರಿವ್ರು?" ಎಂದು ಕೇಳುತ್ತಾರೆ.

"ಉಸಿರು ಹಿಡೀರಿ ಅಂದ್ರೆ ಹಿಡಿದೋರು ಅವರೊಬ್ರೇ ರೀ" ಎನ್ನುತ್ತೇನೆ.