ಆಚಾರಿ ಮಾವ ಎದ್ದು ನಿಂತ ಭಾನುವಾರ

ಹೋದ ವಾರ ಬಾಗಿಲು ನೋಡಲೆಂದು ಶ್ರೀರಂಗಪಟ್ಟಣದ ಒಂದು ಮರದಂಗಡಿಗೆ ಹೋಗಿದ್ದೆ. ಒಳಗೆ ಯಾರೋ ಹಲಸಿನ ಹಲಗೆ ಹೆರೆಯುತ್ತಿದ್ದರು. ಆ ಹಸಿ ಮರದ ವಾಸನೆ ಮೂಗಿಗೆ ಬಡಿದದ್ದೇ, ಬಂದ ಕೆಲಸ ಮರೆತು ಹೊರಗೆ ಬಂದು ನಿಂತುಬಿಟ್ಟೆ.

ಆ ವಾಸನೆ ಸದಾ ಮೈಗೆ ಅಂಟಿರುತ್ತಿದ್ದ ಬಡಗಿಯೊಬ್ಬರು ಚಿನಕುರಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದರು. ನಾನು ಆಚಾರಿ ಮಾವ ಅನ್ನುತ್ತಿದ್ದೆ. ಹೆಂಡತಿ ತೀರಿಕೊಂಡ ಮೇಲೆ ನಮ್ಮ ಪ್ರಾರ್ಥನಾ ಮಂದಿರಕ್ಕೆ ಬರತೊಡಗಿ, ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತರಾದರು. ನೆಂಟರೆಲ್ಲ ದೂರವಾದರು, ಅಕ್ಕಿಹೆಬ್ಬಾಳಿನ ಅಕ್ಕ ಒಬ್ಬಳನ್ನು ಬಿಟ್ಟು.

ಆ ಅಕ್ಕ ಹಾಸಿಗೆ ಹಿಡಿದು, ತಮ್ಮನನ್ನು ನೋಡಬೇಕೆಂದು ಹೇಳಿಕಳಿಸಿದಳು. ಮಾವ ಪಾಸ್ಟರನ್ನು ಕೇಳಿದರು.

"ವಿಗ್ರಹ ಇರೋ ಮನೆಗೆ ಹೋಗಬೇಡಿ. ನನ್ನ ಮಾತು ಮೀರಿದ್ರೆ ದೇವರ ಮಾತು ಮೀರಿದ ಹಾಗೆ" ಅಂದರು ಪಾಸ್ಟರು.

ಮಾವ ಹೋಗಲಿಲ್ಲ. ಅಕ್ಕ ಕೊನೆಯವರೆಗೂ ಬಾಗಿಲ ಕಡೆಗೇ ನೋಡುತ್ತಿದ್ದಳಂತೆ...

ಮಾವನಿಗೆ ಓದು ಅಷ್ಟಾಗಿ ಬರುತ್ತಿರಲಿಲ್ಲ. ಸಭೆಯಲ್ಲಿ ಬೈಬಲಿನ ವಾಕ್ಯ ಓದುತ್ತಿದ್ದವನು ನಾನು. ಸತ್ಯವೇದ ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು.

"ಪಾಸ್ಟರಿಗೆ ಅಷ್ಟು ಅಧಿಕಾರ ಎಲ್ಲೈತೆ, ಉಡುಕ್ಲಾ."

ವಾರಗಟ್ಟಲೆ ಹುಡುಕಿದೆ. ಸಿಗಲಿಲ್ಲ. ಸಿಕ್ಕಿದ್ದು ಪೇತ್ರನ ಪತ್ರ: ಹಿರಿಯರು ಮಂದೆಯ ಮೇಲೆ ದೊರೆತನ ಮಾಡಬಾರದು, ಮಾದರಿಯಾಗಿರಬೇಕು ಎಂದಿತ್ತು. ನಂಬದವರು ಕರೆದರೆ ಅವರ ಮನೆಗೆ ಹೋಗಿ ಉಣ್ಣಬಹುದು ಎಂದು ಪೌಲನು ಬರೆದದ್ದೂ ಸಿಕ್ಕಿತು. ಅದನ್ನು ಮಾವ ಮೂರು ಸಲ ಓದಿಸಿದರು.

"ಅಂಗಾರೆ ನಾನು ಓಗ್ಬೋದಾಗಿತ್ತು" ಅಂದರು.

ಮುಂದಿನ ಭಾನುವಾರ ಬೋಧನೆ ಮುಗಿಯುತ್ತಲೇ ಎದ್ದು ನಿಂತರು. "ಪಾಸ್ಟರೇ, ವಾಕ್ಯ ಏಳ್ಕೊಡೋ ಅಧಿಕಾರ ನಿಮ್ಗೈತೆ, ಒಪ್ತೀನಿ. ವಾಕ್ಯದಲ್ಲಿ ಇಲ್ದೇ ಇರೋದ್ನ ಯಾಕೆ ಏಳುದ್ರಿ?"

"ಇದನ್ನೆಲ್ಲ ನಿಮಗೆ ಓದಿ ಹೇಳಿದ್ದು ಯಾರು?" ಪಾಸ್ಟರು ಸಭೆಯತ್ತ ನೋಡಿದರು.

ಮಾವ ನನ್ನ ಕಡೆ ತಿರುಗಲೂ ಇಲ್ಲ. "ನಾನೇ ಓದ್ದೆ" ಅಂದರು, ಅಕ್ಷರ ಕೂಡಿಸಲು ತಿಣುಕುತ್ತಿದ್ದ ಆ ಮನುಷ್ಯ. ನಾನು ತಲೆ ತಗ್ಗಿಸಿ ಕೂತೇ ಇದ್ದೆ.

ಅಂದೇ ಅವರನ್ನು ಸಭೆಯಿಂದ ಹೊರಗಿಟ್ಟರು. ಯಾರೂ ಮಾತಾಡಿಸಕೂಡದು ಎಂದಾಯಿತು. ಒಮ್ಮೆ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಮಾತ್ರ ಖಾಲಿಯಿತ್ತು.

"ಕೂತ್ಕೊಳ್ಲಾ, ಇಲ್ಲಿ ಯಾರೂ ನೋಡಕಿಲ್ಲ" ಅಂದರು.

ಕೇಳಿಸದವನಂತೆ ಪಾಂಡವಪುರದವರೆಗೂ ನಿಂತೇ ಹೋದೆ.

ಎರಡು ವರ್ಷಕ್ಕೆ ತೀರಿಕೊಂಡರು. ಕ್ರೈಸ್ತನೆಂದು ನೆಂಟರು ಬರಲಿಲ್ಲ. ಹೊರಗಿಟ್ಟವನೆಂದು ಸಭೆಯವರು ಬರಲಿಲ್ಲ. ಕೊನೆಗೆ ಪಂಚಾಯಿತಿಯವರು ಮಣ್ಣು ಮಾಡಿದರು. ನಾನು ಕಿಟಕಿಯಿಂದ ನೋಡಿದೆ...

ಪಾಸ್ಟರು ಈಗಲೂ ಅವರೇ. ಎದ್ದು ನಿಂತು ಕೇಳುವಂಥ ಒಬ್ಬರು ನಮ್ಮ ಸಭೆಯಲ್ಲಿ ಆಮೇಲೆ ಹುಟ್ಟಲೇ ಇಲ್ಲ. ಮೊನ್ನೆ ಸಭೆ ಮುಗಿದ ಮೇಲೆ ಒಬ್ಬ ಹೆಂಗಸು, ತವರಿನಲ್ಲಿ ತಾಯಿಗೆ ಹುಷಾರಿಲ್ಲ, ಹೋಗಿಬರಲೇ ಎಂದು ಅವರನ್ನು ಕೇಳಿದಳು. ವಿಗ್ರಹ ಇರೋ ಮನೆ, ಬೇಡ ಅಂದರು. ವಾಕ್ಯ ಓದುವವನಲ್ಲವೇ ಎಂದು ಅವಳು ನನ್ನ ಮುಖ ನೋಡಿದಳು. ನಾನು ಬಗ್ಗಿ ಚಾಪೆ ಸುತ್ತತೊಡಗಿದೆ.