ದರ್ಜಿ ಹೊಲಿದ ರಾಕ್ಷಸ
“ಎರಡೂವರೆ ಮೀಟರ್ ಎಲ್ಲಿ ಸಾಲುತ್ತಮ್ಮಾ? ಮೂರು ತನ್ನಿ. ಆಮೇಲೆ ತೋಳು ಗಿಡ್ಡ ಆಯ್ತು ಅಂತ ನನ್ನನ್ನ ಬೈಬೇಡಿ. ಚೂರು ಉಳಿದ್ರೆ ವಾಪಸ್ ಕೊಡ್ತೀನಿ, ಕತ್ತರಿ ಮೇಲಾಣೆ! ಆದ್ರೆ ಉಳಿಯಲ್ಲ, ಈಗಲೇ ಹೇಳಿರ್ತೀನಿ.” ಹೀಗೆನ್ನುತ್ತ ಬೀದಿಯ ಮುದಿ ದರ್ಜಿ ಕನ್ನಡಕದ ಮೇಲಿಂದ ಬಟ್ಟೆಯನ್ನು ನೋಡುವುದು ಹಸಿದವನು ತಟ್ಟೆ ನೋಡುವ ಹಾಗೆ. ರೇಷ್ಮೆ ಕಂಡರಂತೂ ಎಂಥ ಸಣಕಲಿಯ ಮೈಯೂ ಅವನ ಟೇಪಿನಲ್ಲಿ ದಪ್ಪವಾಗಿಬಿಡುತ್ತದೆ. ಹೆಂಗಸರು ಬಾಯಿತುಂಬ ಬೈಯುತ್ತಾರೆ, ಬೈದು ಮತ್ತೆ ಅವನ ಹತ್ತಿರವೇ ಬರುತ್ತಾರೆ, ಹೊಲಿಗೆ ಅಂಥದ್ದು. ಈ ಸಲ ಶಾಲೆಯ ನಾಟಕದಲ್ಲಿ ರಾಕ್ಷಸ ಕುಣಿಯುತ್ತ ಬಂದದ್ದೇ ತಡ, ಮುಂದಿನ ಸಾಲಿನ ನರ್ಸಮ್ಮ ಎದ್ದುನಿಂತು, “ಅಯ್ಯೋ, ಅದರ ಹೊಟ್ಟೆ ಮೇಲಿರೋದು ನನ್ನ ಹಸಿರು ಬಟ್ಟೆ ಕಣ್ರೇ!” ಎಂದು ಕೂಗಿದಳು. “ಬಾಲ ನನ್ನದು!” ಎಂದಳು ಇನ್ನೊಬ್ಬಳು. ಬಾಗಿಲ ಬಳಿ ನಿಂತಿದ್ದ ದರ್ಜಿ, ಇವತ್ತಿಗೆ ತನ್ನ ಅಂಗಡಿ ಮುಚ್ಚಿತು ಎಂದುಕೊಂಡು ಬೆವೆತುಹೋದ. ಹೋದ ವರ್ಷ ರಾಕ್ಷಸನ ಪಾತ್ರ ಸಿಕ್ಕಿತೆಂದು ಅವನ ಮೊಮ್ಮಗಳು ಮೂರು ದಿನ ಅತ್ತಿದ್ದಳು. ಅದಕ್ಕೇ ಅವನು ಉಳಿಸಿಕೊಂಡ ಚೂರುಗಳನ್ನೆಲ್ಲ ಜೋಡಿಸಿ ರಾಕ್ಷಸನಿಗೊಂದು ಅಂಗಿ ಹೊಲಿದುಕೊಟ್ಟಿದ್ದ. ಈ ವರ್ಷ ಆ ಬಣ್ಣಬಣ್ಣದ ಅಂಗಿಗಾಗಿ ಮಕ್ಕಳೆಲ್ಲ ಕಿತ್ತಾಡಿ, ರಾಜನಾಗಲು ಒಬ್ಬರೂ ಸಿಗದೆ ಹೆಡ್‌ಮಾಸ್ಟರೇ ಕಿರೀಟ ಹಾಕಿಕೊಂಡಿದ್ದರು. ಮರುದಿನ ಬೆಳಿಗ್ಗೆ ನರ್ಸಮ್ಮ ಅಂಗಡಿಗೆ ಬಂದು ಹೊಸ ಬಟ್ಟೆಯನ್ನು ಮೇಜಿನ ಮೇಲೆ ಹರಡಿದಳು. “ನಿಜ ಹೇಳಯ್ಯಾ, ಇದರಲ್ಲಿ ಎಷ್ಟು ಉಳಿಯುತ್ತೆ?” ದರ್ಜಿ ತಲೆ ತಗ್ಗಿಸಿದ. “ಮುಕ್ಕಾಲು ಮೀಟರ್ ಉಳಿಯುತ್ತಮ್ಮಾ.” ಬಟ್ಟೆಯ ಅಂಚನ್ನು ಸವರುತ್ತ, “ರಾಕ್ಷಸಂಗೆ ಇನ್ನೂ ರೆಕ್ಕೆ ಇಲ್ಲ, ನೋಡಿ,” ಎಂದ. “ದೊಡ್ಡ ರಾಕ್ಷಸ ನೀನೇ ಕಣಯ್ಯಾ, ಇಟ್ಕೊ!” ಎಂದು ನಗುತ್ತ ಅವಳು ಮೆಟ್ಟಿಲಿಳಿದಳು. ಅವನು ಮಿಷನ್ನಿಗೆ ಎಣ್ಣೆ ಬಿಟ್ಟು, ಚಕ್ರವನ್ನು ನಿಧಾನವಾಗಿ ತಿರುಗಿಸಿ ಒರೆಸತೊಡಗಿದ.